ನಿದ್ದೆಯ ಹೊತ್ತು ತಪ್ಪಿದರೆ ಹುಷಾರ್: ಮಾನಸಿಕ ಕಾಯಿಲೆ ಇರುವವರ ಮನೆಯವರು ತಿಳಿದಿರಬೇಕಾದ್ದು

ವಿಜಯಪುರ: ‘ರಾತ್ರಿಪೂರ್ತಿ ನಿದ್ದಿ ಮಾಡಂಗಿಲ್ರಿ, ಹಗಲೆಲ್ಲ ಬಿದ್ಕೊಂಡಿರ್ತಾನ’ ಅನ್ನೋ ಮಾತು ಮಾನಸಿಕ ಕಾಯಿಲೆ ಇರುವವರ ಮನೆಗಳಲ್ಲಿ ಕೇಳಿಬರುತ್ತದೆ. ಇದನ್ನ ಸೋಮಾರಿತನ ಅಂತ ಬಿಡಬೇಡಿ. ನಿದ್ದೆಯ ಹೊತ್ತು ಏಕಾಏಕಿ ಬದಲಾದರೆ ಕಾಯಿಲೆ ಹೆಚ್ಚುತ್ತಿರಬಹುದು. ನಿದ್ದೆ ಕೆಡುವುದಕ್ಕೂ ಆತ್ಮಹತ್ಯೆಯ ಯೋಚನೆಗೂ ನಂಟಿದೆ ಎಂದು ಹಲವು ಅಧ್ಯಯನಗಳು ಹೇಳಿವೆ.

ಏನಿದು ನಂಟು?

ಮೆದುಳಿನಲ್ಲಿರುವ ಒಂದು ಗಡಿಯಾರ ಬೆಳಕು, ಕತ್ತಲೆ ನೋಡಿ ನಿದ್ದೆ ಮತ್ತು ಎಚ್ಚರ ಹೊಂದಿಸುತ್ತದೆ. ಸ್ಕಿಜೋಫ್ರೇನಿಯಾ, ಬೈಪೋಲಾರ್, ತೀವ್ರ ಖಿನ್ನತೆ ಇದ್ದವರಲ್ಲಿ ಈ ಲೆಕ್ಕ ಬೇಗ ತಪ್ಪುತ್ತದೆ. ನಿದ್ದೆಗೆಟ್ಟ ಮನಸ್ಸಿಗೆ ದುಃಖ ತಡೆಯುವ ಶಕ್ತಿ ಕಡಿಮೆ. ನಡುರಾತ್ರಿ ಮಾತಾಡಲು ಯಾರೂ ಎದ್ದಿರುವುದಿಲ್ಲ. ಹಾಗಂತ ನಿದ್ದೆ ಕೆಟ್ಟವರೆಲ್ಲ ಅಪಾಯದಲ್ಲಿದ್ದಾರೆ ಅಂತಲ್ಲ.

ಏನು ಗಮನಿಸಬೇಕು?

* ಎರಡು–ಮೂರು ತಾಸು ಮಲಗಿದರೂ ದಣಿವಿಲ್ಲ, ಮಾತು ಮತ್ತು ಖರ್ಚು ಜಾಸ್ತಿ: ಬೈಪೋಲಾರ್‌ನ ಉನ್ಮಾದ ಇರಬಹುದು.
* ನಸುಕಿನಲ್ಲೇ ಎಚ್ಚರ, ಮತ್ತೆ ನಿದ್ದೆ ಬಾರದು, ಮನಸ್ಸು ಭಾರ: ಖಿನ್ನತೆ ಇರಬಹುದು.
* ಮೇಲಿಂದ ಮೇಲೆ ಕೆಟ್ಟ ಕನಸು.
* ‘ನಾ ಇದ್ದು ಏನ್ ಉಪಯೋಗ’ ಎಂಬ ಮಾತು: ತಡ ಮಾಡದೆ ವೈದ್ಯರಿಗೆ ತಿಳಿಸಿ.

ನಮ್ಮ ಕಡೆ ಹೇಗೆ?

ಟಿಕೋಟಾ, ಬಬಲೇಶ್ವರ ಭಾಗದಲ್ಲಿ ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ದ್ರಾಕ್ಷಿ ತೋಟಕ್ಕೆ ರಾತ್ರಿನೇ ನೀರು ಬಿಡಬೇಕು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂದರೆ ಮಲಗೋದು ತಡವಾಗುತ್ತೆ. ಬೈಪೋಲಾರ್ ಇದ್ದವರಿಗೆ ಒಂದೆರಡು ರಾತ್ರಿ ನಿದ್ದೆ ಕೆಟ್ಟರೂ ಉನ್ಮಾದ ಶುರುವಾಗಬಹುದು. ರಾತ್ರಿ ನೀರಿಗೆ ಮನೆಯ ಬೇರೆಯವರು ಹೋಗಲಿ. ಜಾತ್ರೆಗೆ ಹೋದರೂ ಹೊತ್ತಿಗೆ ಸರಿಯಾಗಿ ಮನೆ ಸೇರಲಿ.

ಮನೆಯವರು ಏನು ಮಾಡಬೇಕು?

* ಮಲಗಿದ, ಎದ್ದ ಹೊತ್ತನ್ನು ಕ್ಯಾಲೆಂಡರ್ ಮೇಲೆ ಬರೆದು ವೈದ್ಯರಿಗೆ ತೋರಿಸಿ.
* ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡಿ. ಮೆಡಿಕಲ್‌ನಿಂದ ನಿದ್ದೆ ಗುಳಿಗೆ ನೀವೇ ತರಬೇಡಿ.
* ‘ಸಾಯಬೇಕು ಅನ್ನಿಸ್ತದೇನು?’ ಅಂತ ನೇರವಾಗಿ, ಸಮಾಧಾನದಿಂದ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ.
* ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಹೊಲದ ಔಷಧ, ಗುಳಿಗೆಗಳನ್ನು ಬೀಗ ಹಾಕಿಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸಹಾಯ ಎಲ್ಲಿ?

2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು–ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ. ತುರ್ತು ಇದ್ದರೆ 108. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ತಾಲ್ಲೂಕು ಆಸ್ಪತ್ರೆಗೆ ಅವರು ಬರುವ ದಿನವನ್ನು ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿ.

ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. ಅವರಿಗೆ ಚಿಕಿತ್ಸೆ, ಆರೈಕೆ ಕೊಡಿಸುವುದು ಸರ್ಕಾರದ ಕರ್ತವ್ಯ.