ಗಾದೆಯ ಯಾಣ, ತೆರೆಯ ಯಾಣ

‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕವಿದ್ದವ ಗೋಕರ್ಣಕ್ಕೆ’ ಎಂಬ ಗಾದೆಯನ್ನು ನಮ್ಮ ಜಿಲ್ಲೆಯ ಶ್ರೋತೃಗಳಲ್ಲಿ ಕೇಳದವರು ವಿರಳ. ಗೋಕರ್ಣದಲ್ಲಿ ಪೂಜೆ, ದಾನ, ದಕ್ಷಿಣೆಗಳಿಗೆ ಹಣ ಬೇಕು; ಯಾಣಕ್ಕಾದರೋ ಕಾಡು ತುಳಿಯುವ ಕಾಲೂ ಅಂಜದ ಎದೆಯೂ ಬೇಕಾಗಿದ್ದವು. ದುರ್ಗಮವಾದುದು ಎಂಬುದೇ ಯಾಣ ಎಂಬ ಹೆಸರಿಗೆ ಜನ ಕೊಟ್ಟಿದ್ದ ಮೊದಲ ಅರ್ಥ.

ಎರಡನೆಯದು ಪೌರಾಣಿಕವಾದ ಅರ್ಥ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, ಅದರ ಬಳಿ 90 ಮೀಟರಿನ ಮೋಹಿನಿ ಶಿಖರ. ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಸುಟ್ಟುಹೋದ ಬೂದಿಯಿಂದ ಅಲ್ಲಿಯ ಮಣ್ಣು ಕಪ್ಪಾಯಿತೆಂದು ಹಿರಿಯರು ನಂಬಿದರು. ಅದು ಸುಣ್ಣಕಲ್ಲು, ನೀರು ಯುಗಯುಗ ಸವೆಸಿ ಕಡೆದ ರೂಪ ಎಂದು ವಿಜ್ಞಾನ ಹೇಳುತ್ತದೆ. ಶಿವರಾತ್ರಿಯ ಜಾತ್ರೆಗೆ ಬರುವವನಿಗೆ ಈ ಎರಡೂ ಮಾತು ಒಟ್ಟಿಗೇ ಸಲ್ಲುತ್ತವೆ.

1996ರಲ್ಲಿ ಸುನಿಲ್‌ಕುಮಾರ್ ದೇಸಾಯಿಯವರ ‘ನಮ್ಮೂರ ಮಂದಾರ ಹೂವೆ’ ಬಂದಿತು. ಆ ಕರಿಬಂಡೆಗಳು, ಇಳಯರಾಜರ ಸಂಗೀತದೊಡನೆ, ಬೆಂಗಳೂರು ಮೈಸೂರುಗಳ ಚಿತ್ರಮಂದಿರಗಳಲ್ಲಿ ಕಾಣಿಸಿಕೊಂಡವು. ಗಾದೆಯಿಂದಲ್ಲ, ಚಿತ್ರದಿಂದ ಯಾಣವನ್ನು ಅರಿತ ಪೀಳಿಗೆಯೊಂದು ಹುಟ್ಟಿತು. ಅಂಕೋಲೆಯ ಕಡೆಯಿಂದ ಅಚವೆಯ ದಾರಿಯಾಗಿ ಅಲ್ಲಿಗೆ ಹೋದಾಗಲೆಲ್ಲ, ಭೈರವನನ್ನು ಬಿಟ್ಟು ಹಾಡಿನ ಜಾಗವನ್ನು ಹುಡುಕುವವರನ್ನು ಕಂಡಿದ್ದೇನೆ. ಇದರಲ್ಲಿ ನನಗೆ ಸಿಟ್ಟಿಲ್ಲ. ಪ್ರೇಮಕಥೆಯ ನೆನಪಿನಿಂದ ಬಂದವನೂ ಯಾತ್ರಿಕನೇ. ಆದರೆ ಬಂಡೆಯಡಿ ನಿಂತು ತಲೆಯೆತ್ತಿದಾಗ ಉಂಟಾಗಬೇಕಾದ ಭಯವನ್ನು ಅವನು ಮನೆಯಲ್ಲೇ ಕಳೆದುಕೊಂಡು ಬಂದಿರುತ್ತಾನೆ.

ಈ ಕೆಲಸವನ್ನು ಸಿನಿಮಾವೇ ಮೊದಲು ಮಾಡಿತೆನ್ನಲಾಗದು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ರವೀಂದ್ರನಾಥ ಠಾಕೂರರು ಇಲ್ಲಿಗೆ ಬಂದಿದ್ದರು. ಇಲ್ಲಿಯೇ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ರೂಪುಗೊಂಡಿತು. ಕಡಲತೀರಕ್ಕೆ ಇಂದು ಅವರದೇ ಹೆಸರು. ಓದಿ ಬರುವವನು ತನ್ನ ಮನಸ್ಸಿನಲ್ಲಿ ತಾನೇ ಬರೆದುಕೊಂಡ ಕಡಲನ್ನು ತರುತ್ತಾನೆ. ನೋಡಿ ಬರುವವನಿಗೆ ಕೋನವೂ ಋತುವೂ ಮೊದಲೇ ಗೊತ್ತಾಗಿರುತ್ತವೆ. 2006ರ ‘ಮುಂಗಾರು ಮಳೆ’ಯ ಜೋಗವನ್ನು ನೆನೆದು ಏಪ್ರಿಲ್‌ನಲ್ಲಿ ಬಂದವರು, 253 ಮೀಟರಿನ ಒಣಬಂಡೆಯನ್ನು ನೋಡಿ ಮೋಸಹೋದೆವೆನ್ನುತ್ತಾರೆ. 1964ರ ಲಿಂಗನಮಕ್ಕಿ ಅಣೆಕಟ್ಟೆ ಶರಾವತಿಯನ್ನು ತಡೆದು ವಿದ್ಯುತ್ತಿಗೆ ತಿರುಗಿಸಿದ ಕಥೆ ಯಾವ ಹಾಡಿನಲ್ಲೂ ಬರುವುದಿಲ್ಲವಲ್ಲ!

ತೆರೆಯ ಹೊರಗೆ ಉಳಿದ ತೀರಗಳೂ ನಮ್ಮಲ್ಲುಂಟು. ಸೀಬರ್ಡ್ ನೌಕಾನೆಲೆಗಾಗಿ ನೆಲೆ ಬಿಟ್ಟವರ ಪುನರ್ವಸತಿ ಕಾಲೊನಿಯೊಂದು ನಮ್ಮ ತೋಡೂರಿನಲ್ಲಿದೆ. ಅರಗಾ, ಬಿಣಗಾಗಳ ಕಡಲಂಚು 2005ರಲ್ಲಿ ಕಾರ್ಯಾರಂಭಿಸಿದ ಆ ನೆಲೆಯ ಬೇಲಿಯೊಳಗೆ ಸೇರಿತು. ಅಲ್ಲಿಗೆ ಪ್ರವಾಸಿಗನೂ ಹೋಗಲಾರ, ಅಲ್ಲಿ ಹುಟ್ಟಿದವನೂ ಹೋಗಲಾರ. ದೋಣಿಯನ್ನು ಎಲ್ಲಿ ಎಳೆದು ನಿಲ್ಲಿಸುತ್ತಿದ್ದರು, ಬಲೆಯನ್ನು ಎಲ್ಲಿ ಒಣಹಾಕುತ್ತಿದ್ದರು ಎಂಬುದನ್ನು ಕಾಲೊನಿಯ ಹಿರಿಯರು ಮನೆಯ ಜಗಲಿಯ ಮೇಲೆ ಬೆರಳಿನಿಂದ ಗೆರೆಯೆಳೆದು ತೋರಿಸುತ್ತಾರೆ.