ಪಿಷ್ಟ ಬಿಟ್ಟ ರೊಟ್ಟಿಗೆ ಅಂಟು ಎಲ್ಲಿಂದ?

ಪುಣೆಯಿಂದ ನಾಶಿಕಕ್ಕೆ ಹೋಗುವ ಹೆದ್ದಾರಿಯ ಮೇಲೆ ಭೋಸರಿ ಸಿಗುತ್ತದೆ. ಒಂದು ಕಾಲದ ಹಳ್ಳಿ, ಈಗ ಪಿಂಪ್ರಿ-ಚಿಂಚ್‌ವಡದ ಕಾರ್ಖಾನೆ ಪಟ್ಟಿಯ ಭಾಗ. ಕಲಬುರಗಿ, ಬೀದರ್, ವಿಜಯಪುರ, ಸೋಲಾಪುರದ ಕಡೆಯಿಂದ ದುಡಿಯಲು ಬಂದವರು ಇಲ್ಲಿ ಬಹಳ. ಅವರ ಊಟದ ಡಬ್ಬಿಯಲ್ಲಿ ಜೋಳದ ರೊಟ್ಟಿ ಇರುತ್ತದೆ. ಪಕ್ಕದಲ್ಲಿ ಕೂತ ಮರಾಠಿಯವರು ಅದನ್ನೇ ಭಾಕರಿ ಎನ್ನುತ್ತಾರೆ. ಎರಡು ಮನೆಗಳಲ್ಲೂ ಯಾರಿಗಾದರೂ ಸಕ್ಕರೆ ಕಾಯಿಲೆ ಬಂದರೆ ನೆಂಟರು ಹೇಳುವ ಮೊದಲ ಮಾತು ಒಂದೇ: ಚಪಾತಿ ಬಿಡು, ಜೋಳ ಹಿಡಿ.

ಈ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ನಾರನ್ನು ಬಿಟ್ಟು ಸುಮಾರು 68 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಗೋಧಿ ಹಿಟ್ಟಿನಲ್ಲಿ 64. ರಾಗಿಯಲ್ಲಿ 67, ಸಜ್ಜೆಯಲ್ಲಿ 62. ಜೋಳ ಗೋಧಿಗಿಂತ ನಿಧಾನವಾಗಿ ಜೀರ್ಣವಾಗಬಹುದು, ಹೆಚ್ಚು ಹೊತ್ತು ಹಸಿವು ತಡೆಯಬಹುದು. ಆದರೆ ಪಿಷ್ಟದ ಲೆಕ್ಕದಲ್ಲಿ ಅದು ಗೋಧಿಗಿಂತ ಒಂದು ಕೈ ಮೇಲೆಯೇ. ಐವತ್ತು ಗ್ರಾಂ ಹಿಟ್ಟಿನ ಒಂದು ರೊಟ್ಟಿ ತಿಂದರೆ 34 ಗ್ರಾಂ ಒಳಗೆ ಹೋಯಿತು. ಕೀಟೋ ಪಥ್ಯದವರಿಗೆ ಸಾಮಾನ್ಯವಾಗಿ ಇಡೀ ದಿನಕ್ಕೆ ಸಿಗುವ ಪಾಲು 20ರಿಂದ 50 ಗ್ರಾಂ.

ಹಾಗಾಗಿ ಈ ಪಥ್ಯಕ್ಕೆ ಇಳಿದವರು ಧಾನ್ಯವನ್ನೇ ಬಿಟ್ಟು ಬೇರೆ ಹಿಟ್ಟು ಹುಡುಕುತ್ತಾರೆ. ಹುಡುಕಾಟ ಹೊಸದಲ್ಲ. ಅದರಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕು ರುಚಿಯದಲ್ಲ, ಅಂಟಿನದು.

ರೊಟ್ಟಿ ಬಡಿಯುವ ಕೈಗೆ ಇದು ಗೊತ್ತಿರುವ ವಿಷಯ. ಗೋಧಿಯಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಜಾಲ ಕಟ್ಟಿಕೊಂಡು ಹಿಟ್ಟನ್ನು ಹಿಡಿದಿಡುತ್ತದೆ. ಜೋಳದಲ್ಲಿ ಅದಿಲ್ಲ. ಅದಕ್ಕೇ ಕುದಿಯುವ ಎಸರು ಸುರಿದು ಹಿಟ್ಟು ನಾದುತ್ತಾರೆ. ಮರಾಠಿಯಲ್ಲಿ ಇದಕ್ಕೆ ಉಕಡ ಎಂದು ಹೆಸರು. ಬಿಸಿಗೆ ಜೋಳದ ಪಿಷ್ಟ ಉಬ್ಬಿ, ಅರೆಬೆಂದು, ಗಂಜಿಯಂತೆ ಜಿಗುಟಾಗುತ್ತದೆ. ಆ ಜಿಗುಟೇ ರೊಟ್ಟಿಯನ್ನು ಹಂಚಿನವರೆಗೆ ತಲುಪಿಸುತ್ತದೆ. ಅಂದರೆ ಜೋಳದ ರೊಟ್ಟಿಯಲ್ಲಿ ಪಿಷ್ಟವೇ ಅಂಟು. ಪಿಷ್ಟವನ್ನು ತೆಗೆದವನು ಅಂಟನ್ನೂ ತೆಗೆದ ಹಾಗೆ.

ನಮ್ಮ ಹಳೆಯ ವೈದ್ಯ ಪಿಷ್ಟ ತೆಗೆಯುವ ಗೊಡವೆಗೆ ಹೋಗಲಿಲ್ಲ, ಧಾನ್ಯ ಬದಲಿಸಿತು. ಪ್ರಮೇಹಕ್ಕೆ ಚರಕಸಂಹಿತೆ ಹೇಳುವ ಮುಖ್ಯ ಆಹಾರ ಯವ, ಅಂದರೆ ಜವೆ, ಬಾರ್ಲಿ. ತ್ರಿಫಲೆಯ ಕಷಾಯದಲ್ಲಿ ನೆನೆಸಿದ ಜವೆ, ಜವೆಯ ಹಿಟ್ಟಿನ ತಿನಿಸುಗಳು ಅಲ್ಲಿ ಬರುತ್ತವೆ. ಕತ್ತೆ, ಕುದುರೆ, ಹಸುಗಳ ಹೊಟ್ಟೆಯಿಂದ ಹಾದು ಬಂದ ಜವೆಯನ್ನೂ ಅದು ಸೂಚಿಸುತ್ತದೆ. ಓದಿದವರು ಮುಖ ಕಿವಿಚಬಹುದು, ಆದರೆ ರೋಗಿಯ ಹೊಟ್ಟೆಗೆ ಬೀಳುವ ಮೊದಲೇ ಧಾನ್ಯದಿಂದ ಏನನ್ನೋ ಕಳೆಯಬೇಕು ಎಂಬ ಯೋಚನೆ ಅಲ್ಲಿದೆ. ಪುಣೆ ಸೀಮೆಗೆ ಜವೆ ಪರಕೀಯವೂ ಆಗಿರಲಿಲ್ಲ. ಶಿರೂರು ತಾಲ್ಲೂಕಿನ ಇನಾಮ್‌ಗಾವ್‌ನಲ್ಲಿ ಡೆಕ್ಕನ್ ಕಾಲೇಜಿನವರು ಅಗೆದು ತೆಗೆದ ತಾಮ್ರಶಿಲಾಯುಗದ ನೆಲೆಯಲ್ಲಿ, ಮೂರು ಸಾವಿರ ವರ್ಷಗಳ ಹಿಂದಿನ ಜನರ ಮುಖ್ಯ ಬೆಳೆಯಾಗಿ ಕಂಡದ್ದು ಇದೇ ಧಾನ್ಯ. ಈಗ ಈ ಪದವೇ ಗೊಂದಲಕ್ಕೆ ಬಿದ್ದಿದೆ. ಉತ್ತರ ಕರ್ನಾಟಕದಲ್ಲಿ ಜವೆಗೋಧಿ ಎಂದರೆ ಒಂದು ಬಗೆಯ ಗೋಧಿ. ಮರಾಠಿಯಲ್ಲಿ ಜವಸ ಎಂದರೆ ಅಗಸೆ. ಭೋಸರಿಯ ಅಂಗಡಿಯಲ್ಲಿ ಕನ್ನಡದವರು ಜವೆ ಕೇಳಿದರೆ ಏನು ಕಟ್ಟಿ ಕೊಡುತ್ತಾರೋ ಹೇಳಲಾಗದು.

ಪಿಷ್ಟವನ್ನೇ ತೊಳೆದು ತೆಗೆಯುವ ಕೆಲಸಕ್ಕೆ ಕೈಹಾಕಿದ್ದು ಪ್ಯಾರಿಸ್ಸಿನ ಅಪೊಲಿನೇರ್ ಬುಷಾರ್ಡಾ. ಆತ ಔಷಧಶಾಸ್ತ್ರಜ್ಞ, ವೈದ್ಯ. 1840ರ ದಶಕದ ಮೊದಲಲ್ಲೇ ಮಧುಮೇಹಿಗಳಿಗೆ ಗ್ಲುಟೆನ್ ಬ್ರೆಡ್ ಹೇಳತೊಡಗಿದ. ಗೋಧಿ ಹಿಟ್ಟನ್ನು ನೀರಿನಲ್ಲಿ ಹಿಸುಕಿ ತೊಳೆದರೆ ಪಿಷ್ಟ ಹಾಲಾಗಿ ಹರಿದು ಹೋಗಿ ರಬ್ಬರಿನಂಥ ಮುದ್ದೆ ಉಳಿಯುತ್ತದೆ. ನಮ್ಮಲ್ಲಿ ಗೋಧಿ ಹಲ್ವ ಮಾಡುವವರು, ಪುಣೆ ಕಡೆ ಕುರಡಯಿ ಸಂಡಿಗೆ ಮಾಡುವವರು ಹಾಲನ್ನು ಇಟ್ಟುಕೊಂಡು ಮುದ್ದೆ ಎಸೆಯುತ್ತಾರೆ. ಬುಷಾರ್ಡಾ ಹಾಲು ಚೆಲ್ಲಿ ಮುದ್ದೆ ಇಟ್ಟುಕೊಂಡ. ಅಂಟು ಉಳಿಯಿತು, ಪಿಷ್ಟ ಹೋಯಿತು. 1870-71ರಲ್ಲಿ ಪ್ರಶ್ಯನ್ ಸೇನೆ ಪ್ಯಾರಿಸ್ಸಿಗೆ ಮುತ್ತಿಗೆ ಹಾಕಿ ಊರಿಗೆ ಅನ್ನ ತಪ್ಪಿದಾಗ ತನ್ನ ರೋಗಿಗಳ ಮೂತ್ರದಲ್ಲಿ ಸಕ್ಕರೆ ಇಳಿದದ್ದನ್ನೂ ಆತ ಗಮನಿಸಿದ. ಹಿಟ್ಟಿನ ಜಾತಿಯಷ್ಟೇ ಅದರ ಅಳತೆಯೂ ಮುಖ್ಯ ಎಂಬುದಕ್ಕೆ ಅದು ಸಾಕ್ಷಿಯಾಗಿತ್ತು.

ಲಂಡನ್ನಿನ ಫ್ರೆಡರಿಕ್ ಪೇವಿ ಇನ್ನೊಂದು ದಾರಿ ಹಿಡಿದ. ಗೋಧಿಯನ್ನು ಪೂರ್ತಿ ಬಿಟ್ಟು ಬಾದಾಮಿಯ ತಿನಿಸು ಮಾಡಿಸಿದ. ಇವತ್ತು ಕೀಟೋ ಹೆಸರಿನಲ್ಲಿ ದುಬಾರಿಯಾಗಿ ಮಾರುವ ಬಾದಾಮಿ ಹಿಟ್ಟಿನ ಅಜ್ಜ ಎಂದರೆ ಅದೇ. ಇವರ ಹಿಂದೆಯೇ ವ್ಯಾಪಾರವೂ ಬಂತು. ಮಧುಮೇಹಿಗಳ ಹಿಟ್ಟು ಎಂದು ಚೀಟಿ ಅಂಟಿಸಿದ ಪೊಟ್ಟಣಗಳನ್ನು ಅಮೆರಿಕದ ಕನೆಕ್ಟಿಕಟ್ ಕೃಷಿ ಪ್ರಯೋಗಾಲಯ 1906ರಲ್ಲೂ 1913ರಲ್ಲೂ ಪರೀಕ್ಷಿಸಿತು. ಗ್ಲುಟೆನ್ ಹಿಟ್ಟು ಎಂದು ಮಾರುತ್ತಿದ್ದ ಹಲವು ಪೊಟ್ಟಣಗಳಲ್ಲಿ ಪಿಷ್ಟ ಧಾರಾಳವಾಗಿತ್ತು. ಇನ್ಸುಲಿನ್ ಇಲ್ಲದ ಆ ಕಾಲದಲ್ಲಿ ಇದು ಬರೀ ದುಡ್ಡಿನ ಮೋಸವಾಗಿರಲಿಲ್ಲ, ತಿಂದವರ ಆಯುಷ್ಯದ ಪ್ರಶ್ನೆಯಾಗಿತ್ತು. ಈಗಲೂ ‘ಡಯಾಬಿಟಿಕ್ ಆಟಾ’ ಎಂಬ ಹೆಸರು ನೋಡಿ ಮುಂದೆ ಹೋಗುವವರು ಪೊಟ್ಟಣದ ಹಿಂಬದಿಯ ಸಣ್ಣಕ್ಷರ ಓದುವುದು ಒಳ್ಳೆಯದು. ಮೊದಲ ಪದಾರ್ಥ ಗೋಧಿಯೇ ಆಗಿದ್ದರೆ ಉಳಿದ ಏಳೆಂಟು ಕಾಳುಗಳ ಹೆಸರು ಅಲಂಕಾರ ಮಾತ್ರ.

1922ರ ಜನವರಿಯಲ್ಲಿ ಟೊರಾಂಟೊದ ಹುಡುಗನೊಬ್ಬನಿಗೆ ಇನ್ಸುಲಿನ್ ಚುಚ್ಚಿದ ಮೇಲೆ ಈ ರೊಟ್ಟಿಗಳ ಅಗತ್ಯ ಕುಗ್ಗಿತು. ಅದರ ಹಿಂದಿನ ವರ್ಷವಷ್ಟೇ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ‘ಕೀಟೋಜೆನಿಕ್’ ಎಂಬ ಪದ ಬಳಸಿದ್ದ. ಆತ ಅದನ್ನು ಸೂಚಿಸಿದ್ದು ತೂಕ ಇಳಿಸಲು ಅಲ್ಲ, ಮೂರ್ಛೆರೋಗಕ್ಕೆ. ಉಪವಾಸದಲ್ಲಿ ಮೂರ್ಛೆ ಕಡಿಮೆಯಾಗುತ್ತಿತ್ತು. ಕೊಬ್ಬು ಹೆಚ್ಚಿಸಿ ಪಿಷ್ಟ ಕಡಿತ ಮಾಡಿದರೆ ಊಟ ಬಿಡದೆಯೇ ದೇಹ ಉಪವಾಸದ ಸ್ಥಿತಿಗೆ ಹೋಗುತ್ತದೆ ಎಂಬುದು ತರ್ಕ. 1938ರಲ್ಲಿ ಫೆನಿಟಾಯಿನ್ ಮಾತ್ರೆ ಬಂದು ಪಥ್ಯ ಮೂಲೆಗೆ ಸರಿಯಿತು, ಆದರೆ ಸಾಯಲಿಲ್ಲ. ಔಷಧಕ್ಕೆ ಬಗ್ಗದ ಮೂರ್ಛೆಯಿರುವ ಭಾರತದ ಮಕ್ಕಳಿಗೆ ಈ ಪಥ್ಯ ಕೊಟ್ಟ ಅನುಭವವನ್ನು ಮುಂಬೈನ ಜನಕ್ ನಾಥನ್ ಮತ್ತು ಸಂಗಡಿಗರು 2009ರಲ್ಲಿ ‘ಇಂಡಿಯನ್ ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬರೆದರು. ರೊಟ್ಟಿ, ಅನ್ನ ಬಿಟ್ಟರೆ ಊಟವೇ ಇಲ್ಲ ಎನ್ನುವ ಮನೆಗಳಲ್ಲಿ ಆ ಮಕ್ಕಳ ತಾಯಂದಿರು ಏನೇನು ಹಿಟ್ಟು ಕಲಸಿರಬಹುದೆಂದು ಊಹಿಸಿದರೆ, ಇಂದಿನ ಕೀಟೋ ಹುರುಪು ಹಗುರವೆನಿಸುತ್ತದೆ.

ಭೋಸರಿಯ ಕಡೆ ಗೋಧಿ ಬಂದ ಕಥೆಯೂ ಇದರಲ್ಲಿ ಸೇರುತ್ತದೆ. ದಖ್ಖನ್ನಿನ ಈ ಭಾಗದ್ದು ಜೋಳದ ಊಟ. ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ದ ಮಾಲದಂಡಿ ಎಂ 35-1 ತಳಿ ಹಿಂಗಾರಿಯಲ್ಲಿ ಮಹಾರಾಷ್ಟ್ರ, ಉತ್ತರ ಕರ್ನಾಟಕ ಎರಡೂ ಕಡೆ ಹಬ್ಬಿತು. 1956ರಿಂದ ಅಮೆರಿಕದ ಪಿಎಲ್-480 ಗೋಧಿ, ಆಮೇಲೆ ಹಸಿರು ಕ್ರಾಂತಿಯ ಗೋಧಿ ಪಡಿತರಕ್ಕೆ ಬಂದವು. 1972ರ ಬರದಲ್ಲಿ ಹೊರದೇಶದಿಂದ ತರಿಸಿದ ಕೆಂಪು ಮಿಲೋ ಜೋಳದ ನೆನಪು ಹಿರಿಯರ ನಾಲಿಗೆಯ ಮೇಲೆ ಈಗಲೂ ಕಹಿ. ಪಿಂಪ್ರಿಯಲ್ಲಿ 1954ರಲ್ಲೇ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಶುರುವಾಗಿತ್ತು. 1962ರಲ್ಲಿ ಎಂಐಡಿಸಿ ಹುಟ್ಟಿ ಭೋಸರಿಯ ಹೊಲಗಳೂ ಕಾರ್ಖಾನೆ ಜಾಗಗಳಾದವು. ಪಾಳಿಯಲ್ಲಿ ದುಡಿಯುವವರಿಗೆ ಮೃದುವಾಗಿ ಉಳಿಯುವ, ಮಡಚಿ ಡಬ್ಬಿಗೆ ತುಂಬುವ ಚಪಾತಿ ಅನುಕೂಲ. ಜೋಳದ ರೊಟ್ಟಿ ಬಡಿಯಲು ಸಮಯ ಬೇಕು, ಕೈ ಬೇಕು. ಹೊಲದ ಕೆಲಸ ಹೋಗಿ ಯಂತ್ರದ ಮುಂದೆ ನಿಲ್ಲುವ ಕೆಲಸ ಬಂತು, ರೊಟ್ಟಿಯ ಲೆಕ್ಕ ಮಾತ್ರ ಹೊಲದ್ದೇ ಉಳಿಯಿತು.

ದೇಹದ ಲೆಕ್ಕವನ್ನು ತೋರಿಸಿಕೊಟ್ಟದ್ದೂ ಪುಣೆಯೇ. ಇಲ್ಲಿನ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ನಲ್ಲಿ ತಮ್ಮಿಬ್ಬರ ಚಿತ್ರವನ್ನೇ ಅಚ್ಚು ಹಾಕಿಸಿದರು. ಇಬ್ಬರ ದೇಹ ತೂಕ ಸೂಚ್ಯಂಕವೂ 22.3; ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2. ತೆಳ್ಳಗೆ ಕಾಣುವ ಭಾರತೀಯನೂ ಒಳಗೆ ದಪ್ಪ. ಹಾಗೆಂದು ಎಲ್ಲರೂ ಕೀಟೋ ಹಿಡಿಯಬೇಕಿಲ್ಲ. ಹದಿನೆಂಟು ಸಾವಿರ ಜನರ ಊಟವನ್ನು ನೋಡಿ 2022ರಲ್ಲಿ ಹೊರಬಂದ ಐಸಿಎಂಆರ್-ಇಂಡಿಯಾಬ್ ಲೆಕ್ಕಾಚಾರ, ಹೊಸದಾಗಿ ಮಧುಮೇಹ ಪತ್ತೆಯಾದವರು ಅದನ್ನು ಹಿಮ್ಮೆಟ್ಟಿಸಲು ಶಕ್ತಿಯ ಶೇ. 49ರಿಂದ 54 ಭಾಗವನ್ನು ಕಾರ್ಬೋಹೈಡ್ರೇಟಿನಿಂದ ಪಡೆದರೆ ಸಾಕೆಂದಿತು. ಎರಡು ರೊಟ್ಟಿ ಕಡಿಮೆ ಮಾಡಿ ಬೇಳೆ ಹೆಚ್ಚಿಸಿದರೆ ಆಗುವ ಕೆಲಸ ಅದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆಗಳ ಮೇಲಿರುವವರು ವೈದ್ಯರನ್ನು ಕೇಳದೆ ಒಮ್ಮೆಗೇ ಪಿಷ್ಟ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಕೀಟೋ ಹಿಡಿದೇ ತೀರುತ್ತೇನೆ ಎನ್ನುವವರ ಹಂಚಿನ ಮುಂದೆ ಮತ್ತೆ ಅದೇ ಪ್ರಶ್ನೆ: ಅಂಟು ಎಲ್ಲಿಂದ? ಕಡಲೆ ಹಿಟ್ಟು ಸುಲಭವಾಗಿ ಸಿಗುತ್ತದೆ, ಆದರೆ ಕಡಲೆಬೇಳೆಯಲ್ಲೇ 100 ಗ್ರಾಂಗೆ 47 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಬಾದಾಮಿಯಲ್ಲಿ ಮೂರು ಗ್ರಾಂ, ಅದಕ್ಕೆ ಅಂಟಿಲ್ಲ. ತೆಂಗಿನ ಹಿಟ್ಟಿಗೂ ಇಲ್ಲ, ಮೇಲಾಗಿ ಅದು ನೀರು ಕುಡಿದು ಮರಳಾಗುತ್ತದೆ. ಇಲ್ಲಿ ಕೈಹಿಡಿದದ್ದು ಇಸಬ್‌ಗೋಲ್. ಫಾರಸಿಯಲ್ಲಿ ಅಸ್ಪ್ ಎಂದರೆ ಕುದುರೆ, ಘೋಲ್ ಎಂದರೆ ಕಿವಿ. ಬೀಜದ ಆಕಾರ ನೋಡಿ ಇಟ್ಟ ಹೆಸರು. ಮಲಬದ್ಧತೆಗೆ ಅಜ್ಜಂದಿರು ರಾತ್ರಿ ನೀರಿಗೆ ಕದಡಿ ಕುಡಿಯುತ್ತಿದ್ದ ಈ ಹೊಟ್ಟು ಗುಜರಾತಿನ ಊಂಝಾ ಮಾರುಕಟ್ಟೆಯಿಂದ ಲೋಕಕ್ಕೆಲ್ಲ ಹೋಗುತ್ತದೆ. ಒಂದು ಬಟ್ಟಲು ಬಾದಾಮಿ ಹಿಟ್ಟಿಗೆ ಎರಡು ಚಮಚ ಹೊಟ್ಟು, ಉಪ್ಪು, ಬಿಸಿನೀರು ಹಾಕಿ ಕಲಸಿ ಹತ್ತು ನಿಮಿಷ ಬಿಟ್ಟರೆ ಲೋಳೆ ಕಟ್ಟಿ ಉಂಡೆಯಾಗುತ್ತದೆ. ಜೋಳಕ್ಕೆ ಎಸರು ಮಾಡುವ ಕೆಲಸವನ್ನು ಇಲ್ಲಿ ಇಸಬ್‌ಗೋಲ್ ಮಾಡುತ್ತದೆ. ಬಡಿದರೆ ಒಡೆಯುತ್ತದೆ, ಎರಡು ಹಾಳೆಗಳ ನಡುವೆ ಲಟ್ಟಿಸಬೇಕು; ಉರಿ ಸಣ್ಣದಿರಬೇಕು, ಬಾದಾಮಿ ಬೇಗ ಸೀಯುತ್ತದೆ.

ಬಾದಾಮಿಯ ಬೆಲೆ ಎಟುಕದವರಿಗೆ ಅಗಸೆ ಇದೆ. ನಾರು ಬಿಟ್ಟರೆ 100 ಗ್ರಾಂಗೆ ಸುಮಾರು 11 ಗ್ರಾಂ ಕಾರ್ಬೋಹೈಡ್ರೇಟ್, ಮೇಲೆ ತನ್ನದೇ ಲೋಳೆ, ಹಾಗಾಗಿ ಅಂಟೂ ತನ್ನದೇ. ಹುರಿದು ಕುಟ್ಟಿದ ಅಗಸೆಗೆ ಬಿಸಿನೀರು ಹಾಕಿದರೆ ಸಾಕು, ಹಿಟ್ಟು ಹಿಡಿದುಕೊಳ್ಳುತ್ತದೆ. ಭೋಸರಿಯ ಕನ್ನಡದ ಮನೆಗಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಊರಿಂದ ಬರುವಾಗ ಗಂಟಿನಲ್ಲಿ ಅಗಸೆ ಹಿಂಡಿ, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ ಬಂದೇ ಇರುತ್ತವೆ. ಗುರೆಳ್ಳನ್ನು ಪಕ್ಕದ ಮನೆಯವರು ಕಾರಳೆ ಎನ್ನುತ್ತಾರೆ, ಚಟ್ನಿ ಅದೇ. ದೊಡ್ಡ ರೊಟ್ಟಿಯ ಅಂಚಿಗೆ ಒಂದು ಚಮಚ ಹಿಂಡಿ, ಮೇಲೆ ಕುಸುಬಿ ಎಣ್ಣೆ ಎಂಬುದು ಹಳೆಯ ಅಳತೆ. ಕೀಟೋ ರೊಟ್ಟಿ ಮಾಡುವವರು ಆ ಅಳತೆಯನ್ನು ತಿರುಗುಮುರುಗು ಮಾಡಿ ಹಿಂಡಿಯನ್ನೇ ಹಂಚಿಗೆ ಹಾಕುತ್ತಿದ್ದಾರೆ. ಹೀಗೆ ಮಾಡಿದ ರೊಟ್ಟಿ ಕಪ್ಪಗೆ, ಸ್ವಲ್ಪ ಕಹಿಯಾಗಿ ಇರುತ್ತದೆ. ಮಜ್ಜಿಗೆ ಮೆಣಸಿನಕಾಯಿ ಜೊತೆಗಿದ್ದರೆ ಇಳಿಯುತ್ತದೆ.