ಒಳಚರಂಡಿಗೆ ಬಿಡಬಹುದಾದ ಮತ್ತು ಬಿಡಬಾರದ ತ್ಯಾಜ್ಯಗಳು: ಎಂ.ಸಿ.ಸಿ. ಬಡಾವಣೆಯ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ದಾವಣಗೆರೆ ನಗರದ ಎಂ.ಸಿ.ಸಿ. ‘ಎ’ ಮತ್ತು ‘ಬಿ’ ಬ್ಲಾಕ್‌ಗಳಲ್ಲಿ ವಾಸದ ಮನೆಗಳ ಜೊತೆಯಲ್ಲೇ ಚಿಕಿತ್ಸಾಲಯ, ಉಪಾಹಾರ ಗೃಹ ಮತ್ತು ಅಂಗಡಿಗಳೂ ಇವೆ. ಒಳಚರಂಡಿ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವವರು ಹಾಗೂ ಈಗಾಗಲೇ ಸಂಪರ್ಕ ಹೊಂದಿರುವವರು ತಿಳಿದಿರಬೇಕಾದ ನಿಯಮಗಳನ್ನು ಇಲ್ಲಿ ನೀಡಲಾಗಿದೆ. ಹರಿಹರದ ನಾಗರಿಕರಿಗೂ ಇವುಗಳ ಸಾರಾಂಶ ಅನ್ವಯವಾಗುತ್ತದೆ.

ಈ ನಿಯಮಗಳ ಹಿಂದಿರುವ ತತ್ವ ಸರಳವಾದುದು. ಒಳಚರಂಡಿ ಕೊಳವೆಯು ನೀರಿನೊಂದಿಗೆ ಹರಿದು ಹೋಗುವ ಮಲಿನವನ್ನು ಮಾತ್ರ ಸಾಗಿಸಬಲ್ಲದು. ಶುದ್ಧೀಕರಣ ಘಟಕದಲ್ಲಿರುವ ಸೂಕ್ಷ್ಮಜೀವಿಗಳು ತಾವು ಜೀರ್ಣಿಸಬಲ್ಲ ಮಲಿನವನ್ನು ಮಾತ್ರ ಶುದ್ಧಗೊಳಿಸಬಲ್ಲವು. ಉಳಿದುದೆಲ್ಲವೂ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ ಅಥವಾ ನದಿಯನ್ನು ಸೇರುತ್ತದೆ.

2. ಅನ್ವಯವಾಗುವ ಕಾನೂನುಗಳು

ಅ) 2007ರಲ್ಲಿ ನಗರಸಭೆಯಿಂದ ಮಹಾನಗರ ಪಾಲಿಕೆಯಾದ ದಾವಣಗೆರೆಗೆ ಕರ್ನಾಟಕ ಪೌರ ನಿಗಮಗಳ ಅಧಿನಿಯಮ, 1976 ಹಾಗೂ ಹರಿಹರ ನಗರಸಭೆಗೆ ಕರ್ನಾಟಕ ಪುರಸಭೆಗಳ ಅಧಿನಿಯಮ, 1964 ಅನ್ವಯಿಸುತ್ತವೆ.

ಆ) ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1974ರ 24ನೇ ಪ್ರಕರಣದನ್ವಯ, ವಿಷಕಾರಿ ಅಥವಾ ಮಾಲಿನ್ಯಕಾರಕ ವಸ್ತುವನ್ನು ಗೊತ್ತಿದ್ದೂ ಹಳ್ಳ, ಬಾವಿ, ಒಳಚರಂಡಿ ಅಥವಾ ನೆಲಕ್ಕೆ ಬಿಡುವುದನ್ನು ನಿಷೇಧಿಸಲಾಗಿದೆ. 25ನೇ ಪ್ರಕರಣದನ್ವಯ, ತ್ಯಾಜ್ಯ ನೀರನ್ನು ಹೊರಬಿಡುವ ಉದ್ದಿಮೆಗಳು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯತಕ್ಕದ್ದು.

ಇ) ಪರಿಸರ (ಸಂರಕ್ಷಣೆ) ನಿಯಮಗಳು, 1986ರ 6ನೇ ಅನುಸೂಚಿಯು ಸಾರ್ವಜನಿಕ ಒಳಚರಂಡಿಗೆ ಬಿಡುವ ತ್ಯಾಜ್ಯ ನೀರಿಗೆ ಮಿತಿಗಳನ್ನು ನಿಗದಿಪಡಿಸಿದೆ.

3. ಬಿಡಬಹುದಾದವು

ಶೌಚಾಲಯ, ಸ್ನಾನಗೃಹ, ಅಡುಗೆಮನೆ ಮತ್ತು ಬಟ್ಟೆ ಒಗೆಯುವ ಸ್ಥಳದ ಬಳಕೆ ನೀರು. ಅಡುಗೆಮನೆಯ ನೀರನ್ನು ಜಾಲರಿಯ ಮೂಲಕವೇ ಹರಿಸತಕ್ಕದ್ದು.

4. ಬಿಡಬಾರದವು

ಅ) ಮಳೆನೀರು: ಮಹಡಿ ಹಾಗೂ ಅಂಗಳದ ಮಳೆನೀರನ್ನು ಒಳಚರಂಡಿಗೆ ಜೋಡಿಸಬಾರದು. ಜೋರು ಮಳೆಯಲ್ಲಿ ಕೊಳವೆ ತುಂಬಿದರೆ ಆಳುಗುಂಡಿಗಳು ಉಕ್ಕಿ, ತಗ್ಗಿನಲ್ಲಿರುವ ಮನೆಗಳ ಶೌಚಾಲಯದೊಳಗೆ ಮಲಿನ ನೀರು ಹಿಮ್ಮುಖವಾಗಿ ನುಗ್ಗುತ್ತದೆ. ಮಳೆನೀರನ್ನು ಇಂಗುಗುಂಡಿಗೆ ಅಥವಾ ಮಳೆನೀರು ಚರಂಡಿಗೆ ಬಿಡುವುದು.

ಆ) ಎಣ್ಣೆ ಮತ್ತು ಜಿಡ್ಡು: ಬೆಣ್ಣೆ ದೋಸೆಯ ಕಾವಲಿ ತೊಳೆದ ನೀರು, ಮಿರ್ಚಿ ಕರಿದ ಎಣ್ಣೆ ಬಿಸಿಯಾಗಿರುವಾಗ ಹರಿದರೂ ಕೊಳವೆಯೊಳಗೆ ತಣಿದು ಗಟ್ಟಿಯಾಗುತ್ತವೆ. ಆದ್ದರಿಂದ ಉಪಾಹಾರ ಗೃಹಗಳು ಜಿಡ್ಡು ತಡೆಯುವ ತೊಟ್ಟಿಯನ್ನು ನಿರ್ಮಿಸಿ, ಅದನ್ನು ಕಾಲಕಾಲಕ್ಕೆ ಸ್ವಚ್ಛಗೊಳಿಸತಕ್ಕದ್ದು.

ಇ) ಘನ ವಸ್ತುಗಳು: ನೈರ್ಮಲ್ಯ ಕರವಸ್ತ್ರ, ಮಕ್ಕಳ ಡೈಪರ್, ಪ್ಲಾಸ್ಟಿಕ್, ಬಟ್ಟೆ, ಕೂದಲು, ಬೂದಿ, ಮರಳು, ಸಿಮೆಂಟ್ ನೀರು, ಸಗಣಿ. ಕರವಸ್ತ್ರ ಮತ್ತು ಡೈಪರ್‌ಗಳನ್ನು ಕಾಗದದಲ್ಲಿ ಸುತ್ತಿ ಕಸ ಸಂಗ್ರಹಣೆಗೆ ಪ್ರತ್ಯೇಕವಾಗಿ ನೀಡತಕ್ಕದ್ದು.

ಈ) ರಾಸಾಯನಿಕಗಳು: ವಾಹನದ ಹಳೆಯ ಆಯಿಲ್, ಪೆಟ್ರೋಲ್, ಬಣ್ಣ, ಕೀಟನಾಶಕ, ಬ್ಯಾಟರಿಯ ಆಮ್ಲ, ಆಭರಣ ತಯಾರಿಕೆಯಲ್ಲಿ ಬಳಸಿದ ಆಮ್ಲ ಹಾಗೂ ಸೈನೈಡ್ ದ್ರಾವಣ. ಇವು ಶುದ್ಧೀಕರಣ ಘಟಕದ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತವೆ.

ಉ) ಆಸ್ಪತ್ರೆ ತ್ಯಾಜ್ಯ: ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರಂತೆ ಆಸ್ಪತ್ರೆ ಹಾಗೂ ಪ್ರಯೋಗಾಲಯಗಳು ದ್ರವ ತ್ಯಾಜ್ಯವನ್ನು ಇತರ ನೀರಿನೊಂದಿಗೆ ಬೆರೆಸುವ ಮುನ್ನವೇ ಸಂಸ್ಕರಿಸತಕ್ಕದ್ದು.

5. ತ್ಯಾಜ್ಯ ನೀರಿನ ಮಿತಿಗಳು

6ನೇ ಅನುಸೂಚಿಯಂತೆ ಸಾರ್ವಜನಿಕ ಒಳಚರಂಡಿಗೆ ಬಿಡುವ ಪ್ರತಿ ಲೀಟರ್ ನೀರಿನಲ್ಲಿ ಇರಬಹುದಾದ ಗರಿಷ್ಠ ಪ್ರಮಾಣ:

– ತೇಲಾಡುವ ಘನ ಕಣಗಳು: 600 ಮಿಲಿಗ್ರಾಂ
– ಜೈವಿಕ ಆಮ್ಲಜನಕ ಬೇಡಿಕೆ: 350 ಮಿಲಿಗ್ರಾಂ
– ಎಣ್ಣೆ ಮತ್ತು ಜಿಡ್ಡು: 20 ಮಿಲಿಗ್ರಾಂ
– ಸೀಸ: 1 ಮಿಲಿಗ್ರಾಂ
– ಸೈನೈಡ್: 2 ಮಿಲಿಗ್ರಾಂ
– ಆಮ್ಲ-ಕ್ಷಾರ ಮಾನ (ಪಿ.ಹೆಚ್.): 5.5ರಿಂದ 9.0ರೊಳಗೆ

ನದಿ, ಕೆರೆಗಳಿಗೆ ನೇರವಾಗಿ ಬಿಡುವ ನೀರಿಗೆ ಮಿತಿಗಳು ಇನ್ನೂ ಬಿಗಿಯಾಗಿವೆ: ಘನ ಕಣಗಳು 100, ಜೈವಿಕ ಆಮ್ಲಜನಕ ಬೇಡಿಕೆ 30, ಎಣ್ಣೆ ಮತ್ತು ಜಿಡ್ಡು 10 ಮಿಲಿಗ್ರಾಂ. ಒಳಚರಂಡಿಗೆ ನೀಡಿರುವ ಸಡಿಲಿಕೆಯು, ಆ ಕೊಳವೆಯ ಕೊನೆಯಲ್ಲಿ ಜೈವಿಕ ಶುದ್ಧೀಕರಣ ಘಟಕ ಇರುವಲ್ಲಿ ಮಾತ್ರ ಅನ್ವಯವಾಗುತ್ತದೆ. ಘಟಕ ಇಲ್ಲದಿದ್ದಲ್ಲಿ ಒಳಚರಂಡಿಗೆ ಬಿಟ್ಟ ನೀರನ್ನು ನದಿಗೆ ಬಿಟ್ಟಂತೆಯೇ ಪರಿಗಣಿಸಲಾಗುತ್ತದೆ.

6. ಕಾರ್ಮಿಕರ ಪ್ರಾಣರಕ್ಷಣೆ

ಕಟ್ಟಿಕೊಂಡ ಕೊಳವೆಯಲ್ಲಿ ಮಲಿನವು ಕೊಳೆತು ಮೀಥೇನ್ ಹಾಗೂ ಹೈಡ್ರೋಜನ್ ಸಲ್ಫೈಡ್ ಅನಿಲಗಳು ಉತ್ಪತ್ತಿಯಾಗುತ್ತವೆ. ಎರಡನೆಯದು ಕೊಳೆತ ಮೊಟ್ಟೆಯ ವಾಸನೆಯುಳ್ಳದ್ದು. ಆದರೆ ಪ್ರಮಾಣ ಹೆಚ್ಚಾದಾಗ ಮೂಗು ಆ ವಾಸನೆಯನ್ನು ಗ್ರಹಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ, ಗುಂಡಿಗೆ ಇಳಿದವರಿಗೆ ಮುನ್ಸೂಚನೆ ಸಿಗುವುದಿಲ್ಲ. ಹೂಳಿಗೆ ಆಮ್ಲ ಬೆರೆತರೆ ಈ ಅನಿಲ ಒಮ್ಮೆಲೇ ಹೊರಹೊಮ್ಮುತ್ತದೆ.

ಮಲ ಹೊರುವವರ ನೇಮಕ ನಿಷೇಧ ಮತ್ತು ಅವರ ಪುನರ್ವಸತಿ ಅಧಿನಿಯಮ, 2013ರ 7ನೇ ಪ್ರಕರಣದನ್ವಯ, ಯಾವುದೇ ವ್ಯಕ್ತಿ, ಸ್ಥಳೀಯ ಸಂಸ್ಥೆ ಅಥವಾ ಏಜೆನ್ಸಿಯು ಒಳಚರಂಡಿ ಅಥವಾ ಶೌಚಗುಂಡಿಯ ಅಪಾಯಕಾರಿ ಸ್ವಚ್ಛತೆಗೆ ಯಾರನ್ನೂ ನೇಮಿಸುವಂತಿಲ್ಲ. ಇದು ಮನೆಯ ಮಾಲೀಕರಿಗೂ ಅನ್ವಯವಾಗುತ್ತದೆ. ಮೊದಲ ಅಪರಾಧಕ್ಕೆ 2 ವರ್ಷಗಳವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಒಳಚರಂಡಿಯಲ್ಲಿ ಮೃತಪಟ್ಟವರ ಕುಟುಂಬಕ್ಕೆ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ನಿಗದಿಪಡಿಸಿದ್ದ 10 ಲಕ್ಷ ರೂಪಾಯಿ ಪರಿಹಾರವನ್ನು 2023ರ ಅಕ್ಟೋಬರ್ 20ರಂದು 30 ಲಕ್ಷಕ್ಕೆ ಹೆಚ್ಚಿಸಿದೆ. ಆದರೆ ಹೋದ ಜೀವಕ್ಕೆ ಪರಿಹಾರವಿಲ್ಲ. ಅಡುಗೆಮನೆಯ ಜಾಲರಿಯೊಂದು, ಜಿಡ್ಡು ತೊಟ್ಟಿಯೊಂದು ಸರಿಯಾಗಿದ್ದರೆ ಯಾರೂ ಗುಂಡಿಗೆ ಇಳಿಯಬೇಕಾದ ಸಂದರ್ಭವೇ ಬರುವುದಿಲ್ಲ.

7. ನದಿಯ ಸಂಬಂಧ

ದಾವಣಗೆರೆಗೆ ಕುಡಿಯುವ ನೀರಿನ ಒಂದು ಭಾಗವನ್ನು ಹರಿಹರ ಸಮೀಪದ ರಾಜನಹಳ್ಳಿಯಲ್ಲಿ ತುಂಗಭದ್ರಾ ನದಿಯಿಂದ ಎತ್ತಲಾಗುತ್ತದೆ. ನದಿಯ ಮಾಲಿನ್ಯ ತಡೆಗಾಗಿಯೇ ದಾವಣಗೆರೆ ಹಾಗೂ ಹರಿಹರ ನಗರಗಳನ್ನು ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಗೆ ಸೇರಿಸಲಾಗಿತ್ತು. ನದಿ ಪಾತ್ರದಲ್ಲಿ ಮುಂದಿರುವ ಊರುಗಳ ಜನರೂ ಇದೇ ನೀರನ್ನು ಬಳಸುತ್ತಾರೆ.

8. ಸಂಪರ್ಕ ಪಡೆಯುವವರಿಗೆ ಸೂಚನೆಗಳು

ಅ) ಅರ್ಜಿಯಲ್ಲಿ ಕಟ್ಟಡದ ಉಪಯೋಗವನ್ನು (ವಾಸ, ವಾಣಿಜ್ಯ, ಆಸ್ಪತ್ರೆ, ಉಪಾಹಾರ ಗೃಹ) ಸ್ಪಷ್ಟವಾಗಿ ನಮೂದಿಸುವುದು. ಉಪಯೋಗ ಬದಲಾದಲ್ಲಿ ಅದನ್ನು ತಿಳಿಸುವುದು.

ಆ) ಆಸ್ತಿಯ ದಾಖಲೆ ಹಾಗೂ ತೆರಿಗೆ ಪಾವತಿಯ ರಶೀದಿಯನ್ನು ಸಿದ್ಧವಾಗಿಟ್ಟುಕೊಳ್ಳುವುದು. ರಸ್ತೆ ಅಗೆಯಲು ಪೂರ್ವಾನುಮತಿ ಅಗತ್ಯ.

ಇ) ಮನೆಯ ಆವರಣದಲ್ಲಿ ಪರಿಶೀಲನಾ ಗುಂಡಿಯನ್ನು ನಿರ್ಮಿಸಿ, ಅದರ ಮುಚ್ಚಳ ತೆರೆಯಲು ಸಾಧ್ಯವಿರುವಂತೆ ಇಡುವುದು.

ಈ) ಆಳುಗುಂಡಿ ಕಟ್ಟಿಕೊಂಡಲ್ಲಿ ಸಾರ್ವಜನಿಕರು ತಾವಾಗಿ ಮುಚ್ಚಳ ತೆಗೆಯದೆ, ಕೂಲಿಯವರನ್ನು ಇಳಿಸದೆ, ಪಾಲಿಕೆಗೆ ದೂರು ನೀಡಿ ಯಂತ್ರದ ಮೂಲಕವೇ ಸ್ವಚ್ಛಗೊಳಿಸಿಕೊಳ್ಳುವುದು.

ಉ) ಸಂಪರ್ಕವಿಲ್ಲದ ಮನೆಯವರು ಶೌಚಗುಂಡಿಯ ನೀರನ್ನು ರಸ್ತೆ ಬದಿಯ ಚರಂಡಿಗೆ ಬಿಡಬಾರದು.

ಮೇಲ್ಕಂಡ ನಿಯಮಗಳನ್ನು ಪಾಲಿಸಿ, ನಗರದ ಆರೋಗ್ಯ ಹಾಗೂ ಕಾರ್ಮಿಕರ ಜೀವರಕ್ಷಣೆಗೆ ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.